ಭಾಂಡೆದ ಮ್ಯಾಲಿನ ಹೆಸರು, ಫೋನಿನೊಳಗಿನ ನಂಬರು

ಹೋದ ತಿಂಗಳು ಯಾಕ ಏನೂ ಬರೀಲಿಲ್ಲ ಅಂತ ಮೂರ್ನಾಲ್ಕು ಮಂದಿ ಫೋನ್ ಮಾಡಿ ಕೇಳಿದ್ರಿ. ಉಪ್ಪಿನಕಾಯಿ ಗಡಿಬಿಡಿ ಅಂತ ಹೇಳಿ ಪಾರಾದೆ. ಅದು ಅರ್ಧಾ ಖರೇ. ಉಳಿದರ್ಧಾ ಏನಂದ್ರ, ನಾನೊಂದು ತಪ್ಪು ಮಾಡಿ ಕೂತಿದ್ದೆ. ಆ ತಪ್ಪಿನ ಬೇರು ಹುಡುಕ್ಕೋತ ಹೋಗಿ ಅಮೇರಿಕಾದ ಐವತ್ತು ವರ್ಷದ ಹಿಂದಿನ ಕತಿಯೊಳಗ ಹೊಕ್ಕಿದ್ದೆ. ಬಾಜೂ ಮನಿ ವೈನಿ ಅವರನ್ನ ಕೇಳೇ ಇದನ್ನ ಬರೀಲಿಕತ್ತೀನಿ. "ಬರೀರಿ, ಆದ್ರ ನನ್ನ ಮಗನ ಹೆಸರು ಹಾಕಬ್ಯಾಡ್ರಿ" ಅಂದಾರ. ಹಾಕೂದಿಲ್ಲ.

ಆದದ್ದಿಷ್ಟು. ನಮ್ಮನಿ ವೈಫೈ ಸಂಜೀ ಆತಂದ್ರ ಆಮೀಹಂಗ ನಡೀಲಿಕ್ಕೆ ಹತ್ತಿತ್ತು. ಧಾರಾವಾಹಿ ನಡುನಡುವ ನಿಂತು ನಿಂತು ಹೋಗೋದು. ಪುಣೆದಾಗಿರೋ ಮಗಳಿಗೆ ಹೇಳಿದೆ. "ಅವ್ವಾ, ರೌಟರಿನ ಆ್ಯಪ್ ತಗದು ನೋಡು, ಯಾರ‍್ಯಾರು ಕೂಡಿಕೊಂಡಾರ ಅಂತ ಯಾದಿ ಇರ್ತದ" ಅಂದ್ಲು. ನೋಡಿದೆ. ಯಾದಿ ಇತ್ತು ಖರೇ, ಆದ್ರ ಹೆಸರು ಎಲ್ಲಾದಕ್ಕೂ ಇರಲಿಲ್ಲ. ಎರಡೆರಡು ಅಕ್ಷರದ ಆರು ಜೋಡಿ, ನಡುವ ಎರಡೆರಡು ಚುಕ್ಕಿ. ಅದಕ್ಕ ಮ್ಯಾಕ್ ಅಡ್ರೆಸ್ ಅಂತಾರಂತ. ಪ್ರತಿ ಫೋನಿಗೆ, ಲ್ಯಾಪ್‌ಟಾಪಿಗೆ, ಟಿವಿಗೆ ಕಾರ್ಖಾನ್ಯಾಗೇ ಕೊಟ್ಟ ನಂಬರು, ಜಗತ್ತಿನಾಗ ಇನ್ನೊಂದಕ್ಕ ಅದು ಇರೂದಿಲ್ಲ, ಅಂತ ಮಗಳು ಹೇಳಿದ್ಲು. ಇಷ್ಟು ಕೇಳಿದ್ದೇ ತಡ, ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಾಗ ನಮ್ಮನಿ ಎಲ್ಲಾ ಸಾಮಾನಿನ ನಂಬರು ಬರಕೊಳ್ಳಿಕ್ಕೆ ಕೂತೆ.

ಬರಕೊಳ್ಳೋದು ಹ್ಯಾಂಗ ಅಂತ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ನಿಮಗೂ ಒಂದಿಲ್ಲೊಂದು ದಿನ ಬೇಕಾಗ್ತದ. ಹಾಸ್ಟೆಲಿನವರು ಕೇಳ್ತಾರ, ಆಫೀಸಿನವರು ಕೇಳ್ತಾರ. ನಮ್ಮ ಕಡೆ ಹೆಚ್ಚಾಗಿರೋ ಆಂಡ್ರಾಯ್ಡ್ ಫೋನಿನಾಗ ಸೆಟ್ಟಿಂಗ್ಸ್ ಒಳಗ ಕೆಳಗ 'ಅಬೌಟ್ ಫೋನ್' ಅಂತ ಇರ್ತದ. ಅದರೊಳಗೇ, ಇಲ್ಲಾ ಅದರೊಳಗಿನ 'ಸ್ಟೇಟಸ್' ಅನ್ನೋದರೊಳಗ ವೈಫೈ ಮ್ಯಾಕ್ ಅಡ್ರೆಸ್ ಸಿಗ್ತದ. ಆಪಲ್ ಫೋನಿನಾಗ ಸೆಟ್ಟಿಂಗ್ಸ್, ಆಮೇಲೆ ಜನರಲ್, ಆಮೇಲೆ ಅಬೌಟ್. ಅಲ್ಲೆ 'ವೈಫೈ ಅಡ್ರೆಸ್' ಅಂತ ಬರದಿರ್ತಾರ. ವಿಂಡೋಸ್ ಲ್ಯಾಪ್‌ಟಾಪಿನಾಗ ಕೆಳಗ ಹುಡುಕೋ ಜಾಗಾದಾಗ ಸಿಎಂಡಿ ಅಂತ ಮೂರಕ್ಷರ ಹೊಡದ್ರ ಒಂದು ಕರೇ ಕಿಟಕಿ ತೆರೀತದ. ಅಂಜಬ್ಯಾಡ್ರಿ, ಏನೂ ಆಗೂದಿಲ್ಲ. ಅದರಾಗ 'ಗೆಟ್‌ಮ್ಯಾಕ್' ಅಂತ ಇಂಗ್ಲೀಷಿನಾಗ ಕೂಡಿಸಿ ಬರದು ಎಂಟರ್ ಒತ್ತಿದ್ರ ನಂಬರು ಉದುರ್ತಾವ. ಉದುರ್ತಾವ ಅಂದೆ ಯಾಕಂದ್ರ ಒಂದೇ ಇರೂದಿಲ್ಲ. ವಾಯರು ಹಾಕೋ ತೂತಿಗೆ ಒಂದು, ವೈಫೈಗೆ ಒಂದು, ಬ್ಲೂಟೂತಿಗೆ ಒಂದು, ಹಿಂಗ ಬ್ಯಾರೆ ಬ್ಯಾರೆ. 'ಐಪಿಕಾನ್ಫಿಗ್' ಅಂತ ಬರದು, ಒಂದು ಜಾಗಾ ಬಿಟ್ಟು, ಓರೆಗೆರೆ ಹಾಕಿ 'ಆಲ್' ಅಂತ ಬರದ್ರ ಯಾವುದು ಯಾವುದರದು ಅಂತ ಹೆಸರಿನ ಸಮೇತ ತೋರಸ್ತದ. ಅಲ್ಲೆ ಇದಕ್ಕ 'ಫಿಸಿಕಲ್ ಅಡ್ರೆಸ್' ಅಂತ ಹೆಸರು. ರೌಟರಿಂದು ಅದನ್ನ ತಿರುವಿ ಹಾಕಿದ್ರ ತಳದಾಗಿನ ಚೀಟಿ ಮ್ಯಾಲೇ ಇರ್ತದ.

ಇನ್ನೊಂದು. ಚುಕ್ಕಿ-ಹ್ಯಾಷ್-ಸೊನ್ನೆ-ಆರು-ಹ್ಯಾಷ್ ಒತ್ತಿದ್ರ ಬರೋ ಹದಿನೈದು ಅಂಕಿ ಇದಲ್ಲ. ಅದು ಐಎಂಇಐ, ಫೋನ್ ಕಳದಾಗ ಪೊಲೀಸರಿಗೆ ಕೊಡೋದು. ನಮ್ಮ ಮಾವಶಿ ಅದನ್ನ ಇದು ಅಂತ ತಿಳಕೊಂಡು ಮೊಮ್ಮಗಳ ಹಾಸ್ಟೆಲ್ ಫಾರ್ಮಿನಾಗ ತುಂಬಿಸಿ ಕಳಿಸಿದ್ರು, ಫಾರ್ಮು ವಾಪಸ್ ಬಂತು.

ಈಗ ನನ್ನ ತಪ್ಪಿಗೆ ಬರ್ತೀನಿ. ನೋಟ್‌ಬುಕ್ಕಿನಾಗ ಐದು ನಂಬರು ಬರಕೊಂಡೆ: ನನ್ನ ಫೋನು, ನಮ್ಮನಿಯವರ ಫೋನು, ಲ್ಯಾಪ್‌ಟಾಪು, ಟಿವಿ, ಮಗಳು ಬಿಟ್ಟು ಹೋದ ಹಳೇ ಟ್ಯಾಬ್ಲೆಟ್ಟು. ರೌಟರಿನ ಯಾದಿ ತಗದು ಒಂದೊಂದಕ್ಕ ಟಿಕ್ ಹಾಕ್ಕೋತ ಬಂದೆ. ನಾಲ್ಕು ಕೂಡಿದ್ವು. ಐದನೇದು ನನ್ನ ಪುಸ್ತಕದಾಗ ಇರಲಿಲ್ಲ. 3ಎ ಅಂತ ಸುರು ಆಗೋ ಅಪರಿಚಿತ ನಂಬರು. ಎದಿ ಧಸಕ್ಕಂತು. ನಮ್ಮ ಪಾಸ್‌ವರ್ಡ್ ಹೊರಗಿನ ಒಬ್ಬಗ ಮಾತ್ರ ಗೊತ್ತು, ಬಾಜೂ ಮನಿ ಹುಡುಗಗ. ಅವರ ಮನಿ ನೆಟ್ ಕೆಟ್ಟಾಗ, ಪರೀಕ್ಷಾ ಹೊತ್ತಿನಾಗ, ನಾನೇ ಕರದು ಕೊಟ್ಟಿದ್ದೆ.

ಮರುದಿನ ಕಟ್ಟಿ ಮ್ಯಾಲೆ ಸೊಪ್ಪು ಸೋಸ್ಕೋತ ಕೂತಾಗ ವೈನಿ ಅವರಿಗೆ ಹೇಳಿಬಿಟ್ಟೆ. ಭಾಳ ಸಭ್ಯತಾದಿಂದನೇ ಹೇಳಿದೆ ಅಂತ ನನಗನಿಸಿತ್ತು. ವೈನಿ ಮಾರಿ ಸಣ್ಣದಾತು. ಆ ಹುಡುಗ "ಕಾಕು, ನಾ ಪರೀಕ್ಷಾ ಮುಗದ ದಿನಾನೇ ತಗದೀನ್ರಿ" ಅಂತ ಹೇಳಿದ್ದನ್ನ ನಾ ನಂಬಲಿಲ್ಲ. ನನ್ನ ಹಂತ್ಯಾಕ ಬರದಿಟ್ಟ ನಂಬರು ಇತ್ತಲ್ಲ! ಬಾಯಿಮಾತು ಸುಳ್ಳಾಗಬಹುದು, ನಂಬರು ಹ್ಯಾಂಗ ಸುಳ್ಳಾಗ್ತದ ಅಂತ ನನ್ನ ಹಟ. ಎಂಟು ದಿನ ಎರಡೂ ಮನಿ ನಡುವ ಮಾತಿಲ್ಲ, ಕತಿಯಿಲ್ಲ.

ಎಂಟನೇ ದಿನ ಮಗಳಿಂದ ಹೇಳಿಸಿಕೊಂಡು ಆ 3ಎ ನಂಬರನ್ನ ರೌಟರಿನಾಗ ಬಂದ್ ಮಾಡಿದೆ. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಒಳಗಿನ ಖೋಲಿಯಿಂದ ನಮ್ಮನಿಯವರು, "ಏ, ನನ್ನ ಫೋನಿಗೆ ನೆಟ್ಟೇ ಬರವಲ್ದಲ್ಲಾ!" ಅಂತ ಒದರಿದ್ರು.

ಹಂಗ ನೋಡಿದ್ರ ಲೆಕ್ಕ ಮೊದಲಿಂದ ಸರೀನೇ ಇತ್ತು. ಪುಸ್ತಕದಾಗ ಐದು, ಯಾದಿಯೊಳಗ ಐದು. ಹೊರಗಿನವರು ಯಾರೂ ಇದ್ದಿದ್ದಿಲ್ಲ. ಒಂದು ನಂಬರು ಹೆಚ್ಚಿಗಿ ಆಗೇದ ಅಂತ ಕಣ್ಣಿಗೆ ಬಿತ್ತು, ಇನ್ನೊಂದು ಕಡಿಮಿ ಆಗೇದ ಅಂತ ಕಣ್ಣಿಗೆ ಬೀಳಲಿಲ್ಲ. ಹಾಲಿನ ಲೆಕ್ಕದಾಗ ಹಿಂಗ ಮಾಡಿದ್ರ ಗೌಳಿ ನಗ್ತಿದ್ದ.

"ಮತ್ತ ನಂಬರು ಬದಲಾಗೂದಿಲ್ಲ ಅಂದಿದ್ದೆಲ್ಲ ನೀನು?" ಅಂತ ಮಗಳ ಮ್ಯಾಲೆ ಹರಿಹಾಯ್ದೆ. "ಖರೇ ನಂಬರು ಬದಲಾಗೂದಿಲ್ಲ ಅವ್ವಾ. ಆದ್ರ ಅಪ್ಪಾಜಿ ಫೋನು ಹೊಸಾದು, ಅದು ಖರೇ ನಂಬರು ಹೇಳೂದಿಲ್ಲ, ಸುಳ್ಳು ನಂಬರು ಮಾಡಿ ಹೇಳ್ತದ. ನಿಂದು ಹಳೇದು, ಖರೇನೇ ಹೇಳ್ತದ" ಅಂದ್ಲು. ಯಾಕ ಸುಳ್ಳು ಹೇಳ್ತದ ಅಂದ್ರ, "ಅದು ದೊಡ್ಡ ಕತಿ" ಅಂತ ಫೋನ್ ಇಟ್ಲು. ನಾ ಪಿಯುಸಿ ಆರ್ಟ್ಸ್‌ನಾಗ ಇತಿಹಾಸ ಓದಿದಾಕಿ, ದೊಡ್ಡ ಕತಿ ಅಂದ್ರ ಬಿಡೂದಿಲ್ಲ.

ಕತಿ ಸುರು ಆಗೋದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಅನ್ನೋ ಊರಾಗ. ಝೆರಾಕ್ಸ್ ಅಂದ್ರ ನಮಗ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿ, ಆಧಾರ್ ಕಾರ್ಡಿನ ನಕಲು. ಆ ನಕಲು ಮಷೀನು ಮಾಡೋ ಝೆರಾಕ್ಸ್ ಕಂಪನಿಯವರೇ 1970ರಾಗ ಅಲ್ಲೊಂದು ಸಂಶೋಧನಾ ಕೇಂದ್ರ ತಗದ್ರು. ಅಲ್ಲೆ ಆಲ್ಟೋ ಅಂತ ಒಬ್ಬೊಬ್ಬರಿಗೂ ಒಂದೊಂದು ಟೇಬಲ್ಲಿನ ಕಂಪ್ಯೂಟರ್ ಮಾಡಿದ್ರು. ಅವನ್ನೆಲ್ಲಾ ಒಂದಕ್ಕೊಂದು ಕೂಡಸಬೇಕು, ಎಲ್ಲಾರಿಂದನೂ ಒಂದೇ ಲೇಸರ್ ಪ್ರಿಂಟರಿಗೆ ಕಾಗದ ಹೋಗಬೇಕು. ಆ ಕೆಲಸ ಬಂದದ್ದು ರಾಬರ್ಟ್ ಮೆಟ್‌ಕಾಫ್ ಅನ್ನೋ ಹುಡುಗನ ಹೆಗಲಿಗೆ. 1973ರ ಮೇ 22ಕ್ಕ ಅವ ಒಂದು ಟಿಪ್ಪಣಿ ಬರದು, ಈ ಜೋಡಣಿಗೆ 'ಈಥರ್' ಅಂತ ಹೆಸರು ಹಚ್ಚಿದ. ಡೇವಿಡ್ ಬಾಗ್ಸ್ ಅನ್ನೋವ ಜೊತಿಗೆ ನಿಂತು ಕಟ್ಟಿದ. ಅದೇ ಈಥರ್ನೆಟ್.

ಇದರ ವಿಚಾರ ಬಂದದ್ದು ಹವಾಯಿ ದ್ವೀಪದಿಂದ. ಅಲ್ಲಿಯ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಅನ್ನೋರು ದ್ವೀಪ ದ್ವೀಪದ ಕಂಪ್ಯೂಟರನ್ನ ರೇಡಿಯೋದಿಂದ ಕೂಡಿಸಿದ್ರು, 1971ರಾಗ. ಅದಕ್ಕ ಅಲೋಹಾನೆಟ್ ಅಂತ ಹೆಸರು. ಒಬ್ಬರು ಮಾತಾಡಿದ್ರ ಎಲ್ಲಾರಿಗೂ ಕೇಳಸ್ತದ, ಇಬ್ಬರು ಒಮ್ಮೆಲೆ ಮಾತಾಡಿದ್ರ ಯಾರದೂ ತಿಳಿಯೂದಿಲ್ಲ, ಆವಾಗ ಸ್ವಲ್ಪ ತಡದು ಮತ್ತ ಹೇಳಬೇಕು. ಮೆಟ್‌ಕಾಫ್ ಅದನ್ನೇ ರೇಡಿಯೋ ಬದಲಿ ಒಂದು ಉದ್ದ ಕೇಬಲ್ಲಿನೊಳಗ ತಂದ.

ನಾವು ಸಣ್ಣವರಿದ್ದಾಗ ಇದ್ದ ವಾಡೆ ನೆನಪು ಮಾಡ್ಕೋರಿ. ನಡುವ ಒಂದು ಅಂಗಳ, ಸುತ್ತ ಹತ್ತು ಹನ್ನೆರಡು ಬಿಡಾರ. ಅಂಗಳದಾಗ ನಿಂತು ಯಾರರೆ "ವೈನೀ" ಅಂತ ಕೂಗಿದ್ರ ಹತ್ತೂ ಬಾಗಿಲದಿಂದ ಹತ್ತು ತಲಿ ಹೊರಗ ಬರ್ತಿದ್ವು. ಈಥರ್ನೆಟ್ಟೂ ಅಂಥಾದ್ದೇ ಅಂಗಳ. ಒಂದು ಕಂಪ್ಯೂಟರ್ ಕಳಿಸಿದ್ದು ಕೇಬಲ್ ಮ್ಯಾಲಿನ ಎಲ್ಲಾದಕ್ಕೂ ಮುಟ್ಟತದ. ಅದಕ್ಕ ಪ್ರತಿ ಪೊಟ್ಟಣದ ಮ್ಯಾಲೆ ಇದು ಯಾರಿಗೆ ಅಂತ ಒಂದು ನಂಬರು ಬೇಕು. ತನ್ನ ನಂಬರು ಇದ್ದ ಮಷೀನು ತಗೋತದ, ಉಳದವು ಸುಮ್ನ ಬಿಡ್ತಾವ. ನಾವು ಇವತ್ತು ಹುಡುಕೋ ನಂಬರು ಹುಟ್ಟಿದ್ದು ಇಷ್ಟರ ಸಲುವಾಗಿ.

ಸುರುವಿಗೆ ಆ ನಂಬರು ಭಾಳ ಸಣ್ಣದಿತ್ತು, ಎಂಟು ಬಿಟ್ ಮಾತ್ರ. ಬಿಟ್ ಅಂದ್ರ ಒಂದು ಸ್ವಿಚ್ ಇದ್ಹಂಗ, ಚಾಲೂ ಇಲ್ಲಾ ಬಂದ್. ಎಂಟು ಸ್ವಿಚ್ಚಿನಿಂದ 256 ನಮೂನಿ ಆಗ್ತಾವ, ಅಷ್ಟೇ. ಮಷೀನಿನ ಹಿಂದ ತಂತಿ ಜೋಡಿಸಿ ಅದಕ್ಕ ನಂಬರು ಹಚ್ಚತಿದ್ರು. ಒಂದು ಕಟ್ಟಡದೊಳಗ ನಡೀತು. ಆದ್ರ ಮಷೀನು ಹೆಚ್ಚಾದ್ವು, ಬ್ಯಾರೆ ಬ್ಯಾರೆ ಕಟ್ಟಡದಾಗ ಬ್ಯಾರೆ ಬ್ಯಾರೆ ಜಾಲ ಆದ್ವು. ಇಲ್ಲಿ ಐದನೇ ನಂಬರಿನ ಮಷೀನು, ಅಲ್ಲೂ ಐದನೇ ನಂಬರಿನ ಮಷೀನು. ಇದನ್ನ ಅಲ್ಲಿ ಒಯ್ದು ಹಚ್ಚಿದ್ರ ಎರಡಕ್ಕೂ ಒಂದೇ ನಂಬರು. ಒಯ್ಯೋಕಿಂತ ಮೊದಲ ಯಾರೋ ಒಬ್ಬರು ಯಾದಿ ನೋಡಿ, ಖಾಲಿ ನಂಬರು ಹುಡುಕಿ, ತಂತಿ ಬದಲಿ ಮಾಡಬೇಕು.

ಇಲ್ಲೆ ನನಗ ನಮ್ಮ ಭಾಂಡೆ ನೆನಪಾದ್ವು. ನನ್ನ ಲಗ್ನದಾಗ ಅಪ್ಪ ಕೊಟ್ಟ ಪ್ರತಿ ಭಾಂಡೆದ ಮ್ಯಾಲೆ ಹೆಸರು ಹಾಕಿಸಿದ್ರು, ತಾರೀಖಿನ ಸಮೇತ. ಟರ್‌ರ್ ಅಂತ ಸಪ್ಪಳ ಮಾಡೋ ಮಷೀನು ಹಿಡಕೊಂಡು ಅಂಗಡಿಯವ ಚುಕ್ಕಿ ಚುಕ್ಕಿ ಅಕ್ಷರ ಕೊರೀತಿದ್ದ. ಚಕ್ಕಲಿ ತುಂಬಿದ ಡಬ್ಬಿ ಯಾವ ಓಣಿಗೆ ಹೋದ್ರೂ, ಯಾವ ಲಗ್ನದ ಅಡಿಗಿ ಮನಿಯೊಳಗ ಬೆರಕಿ ಆದ್ರೂ, ಹೆಸರು ನೋಡಿ ವಾಪಸ್ ಬರ್ತದ. ಬರೇ "ದೊಡ್ಡ ಡಬ್ಬಿ" ಅಂದ್ರ ಒಂದು ಮನಿಯೊಳಗ ಸಾಕು, ಊರಾಗ ಸಾಕಾಗೂದಿಲ್ಲ. ಎಂಟು ಬಿಟ್ಟಿನ ನಂಬರು "ದೊಡ್ಡ ಡಬ್ಬಿ" ಅಂದ್ಹಂಗ. ಕೊರದ ಹೆಸರು ಬೇಕಿತ್ತು.

ಆ ಹೆಸರು ಕೊರಿಯೋ ವಿಚಾರ ಮುಂದ ಇಟ್ಟವರೊಳಗ ಒಬ್ಬರು ನಮ್ಮ ದೇಶದವರು ಅಂತ ಓದಿ ನನಗ ಭಾಳ ಖುಷಿ ಆತು. ಯೋಗೇನ್ ದಲಾಲ್ ಅಂತ. ಮುಂಬೈ ಐಐಟಿಯೊಳಗ ಕಲತು, ಅಮೇರಿಕಾದ ಸ್ಟ್ಯಾನ್‌ಫೋರ್ಡ್‌ಗೆ ಹೋದವರು. ಅಲ್ಲೆ ವಿಂಟ್ ಸರ್ಫ್ ಅನ್ನೋರ ಜೋಡಿ ಕೂಡಿ 1974ರ ಡಿಸೆಂಬರಿನಾಗ ಇಂಟರ್ನೆಟ್ಟಿನ ಮೂಲ ನಿಯಮಾವಳಿ ಬರದ ಮೂರು ಮಂದಿಯೊಳಗ ಇವರೂ ಒಬ್ಬರು. ಆಮೇಲೆ ಝೆರಾಕ್ಸ್ ಸೇರಿದ್ರು. ಅಲ್ಲಿ ರಾಬರ್ಟ್ ಪ್ರಿಂಟಿಸ್ ಅನ್ನೋರ ಜೋಡಿ ಕೂತು ಈ ನಂಬರಿನ ಬಗ್ಗೆ ಬರದ ಪ್ರಬಂಧಾನ 1981ರಾಗ ಮೆಕ್ಸಿಕೋದಾಗ ಆದ ಒಂದು ಸಭಾದಾಗ ಮಂಡಿಸಿದ್ರು. ಆ ಪ್ರಬಂಧದ ಹೆಸರಿನೊಳಗೇ 48 ಬಿಟ್ ಅನ್ನೋದು ಅದ.

ಅವರು ಹೇಳಿದ್ದು ನನಗ ತಿಳಿದಷ್ಟು ಹಿಂಗ. ನಂಬರು ಜಾಗಾದ್ದು ಆಗಬಾರದು, ಮಷೀನಿಂದು ಆಗಬೇಕು. ನಮ್ಮ ಪಿನ್ ಕೋಡ್ ಮನಿ ಬದಲಾಯಿಸಿದ್ರ ಬದಲಾಗ್ತದ, ಭಾಂಡೆದ ಮ್ಯಾಲಿನ ಹೆಸರು ಬದಲಾಗೂದಿಲ್ಲ. ಮಷೀನು ಹುಟ್ಟಿದಾಗಲೇ ಅದರೊಳಗ ನಂಬರು ಕೂತುಬಿಡಬೇಕು, ಆಮೇಲೆ ಯಾವ ಊರಿಗೆ ಹೋಗಿ ಯಾವ ಕೇಬಲ್ಲಿಗೆ ಹಚ್ಚಿದ್ರೂ ಯಾರನ್ನೂ ಕೇಳೋ ಜರೂರಿ ಇರಬಾರದು. ಹಂಗಾಗಬೇಕಂದ್ರ ನಂಬರು ಜಗತ್ತಿಗೆಲ್ಲಾ ಸಾಲೋವಷ್ಟು ದೊಡ್ಡದಿರಬೇಕು. ದೊಡ್ಡ ನಂಬರಿಗೆ ಖರ್ಚೂ ಅದ, ಯಾಕಂದ್ರ ಪ್ರತಿ ಪೊಟ್ಟಣದ ಮ್ಯಾಲೆ ಕಳಿಸಿದವರದೊಂದು, ತಗೊಳ್ಳೋರದೊಂದು, ಎರಡೂ ಹೊತ್ತು ತಿರಗಬೇಕು. ಆ ಭಾರ ಹೊರಲಿಕ್ಕೆ ಅಡ್ಡಿಯಿಲ್ಲ ಅಂತ ಅವರ ವಾದ.

48 ಸ್ವಿಚ್ಚಿನಿಂದ ಎಷ್ಟು ನಮೂನಿ ಆಗ್ತಾವ ಗೊತ್ತದ ಏನು? 2 ಕೋಟಿ 81 ಲಕ್ಷ ಕೋಟಿ. ಕೋಟಿ ಎರಡು ಸಲ ಬಂದದ, ತಪ್ಪಿ ಬರದಿಲ್ಲ. ಒಬ್ಬೊಬ್ಬರ ಮನ್ಯಾಗ ಕಂಪ್ಯೂಟರ್ ಅನ್ನೋದೇ ಇಲ್ಲದ ಕಾಲದಾಗ ಇಷ್ಟು ದೊಡ್ಡ ಲೆಕ್ಕ ಹಾಕಿ ಇಟ್ಟಾರ. ಅವರ ಕಾಲದ ಎಷ್ಟೋ ಸಾಮಾನು ಈಗ ಗುಜರಿ ಸೇರ‍್ಯಾವ, ಆ 48 ಬಿಟ್ ಇವತ್ತೂ ನನ್ನ ಹಾಲಿನ ಪುಸ್ತಕದಾಗ ಕೂತದ.

ಪ್ರಬಂಧ ಮಂಡಿಸೋಕಿಂತ ಮೊದಲೇ ಕೆಲಸ ಸುರು ಆಗಿತ್ತು. ಮೆಟ್‌ಕಾಫ್ 1979ರಾಗ ಝೆರಾಕ್ಸ್ ಬಿಟ್ಟು ತನ್ನ ಸ್ವಂತ ಕಂಪನಿ ತಗದ. ಡಿಜಿಟಲ್, ಇಂಟೆಲ್, ಝೆರಾಕ್ಸ್ ಮೂರೂ ಕಂಪನಿ ಕೂಡಿ 1980ರ ಸೆಪ್ಟೆಂಬರ್ 30ಕ್ಕ ಈಥರ್ನೆಟ್ಟಿನ ನಿಯಮದ ಪುಸ್ತಕ ಹೊರಗ ತಂದ್ರು. ಅದರ ರಟ್ಟು ನೀಲಿ, ಅದಕ್ಕ ನೀಲಿ ಪುಸ್ತಕ ಅಂತನೇ ಹೆಸರು ಬಿತ್ತು. ಅದರಾಗ 48 ಬಿಟ್ಟಿನ ನಂಬರು ಪಕ್ಕಾ ಆತು.

ಈಗ ಪ್ರಶ್ನಿ ಏನಂದ್ರ, ಎರಡು ಕಾರ್ಖಾನಿಯವರು ಒಂದೇ ನಂಬರು ಹಾಕದ್ಹಂಗ ನೋಡಿಕೊಳ್ಳೋರು ಯಾರು? ಇದಕ್ಕ ಅವರು ಹುಡುಕಿದ ಯುಕ್ತಿ ನನಗ ಎಲ್ಲಾದಕ್ಕಿಂತ ಛೊಲೋ ಅನಸ್ತು. ನಂಬರನ್ನ ಅರ್ಧಾ ಮಾಡಿದ್ರು. ಮೊದಲಿನ 24 ಬಿಟ್, ಅಂದ್ರ ಬರಿಯೋ ಹೊತ್ತಿನಾಗ ಮೊದಲಿನ ಮೂರು ಜೋಡಿ, ಮಾಡಿದ ಕಂಪನಿಯ ಗುರತು. ಅದನ್ನ ಒಂದೇ ಕಡೆಯಿಂದ ಹಂಚಬೇಕು. ಮೊದಲ ಝೆರಾಕ್ಸಿನವರು ಹಂಚಿದ್ರು, ಆಮೇಲೆ ಐಇಇಇ ಅನ್ನೋ ಎಂಜಿನಿಯರುಗಳ ಸಂಘ ಆ ಕೆಲಸ ತಗೊಂಡು ಇವತ್ತಿಗೂ ಮಾಡ್ಲಿಕತ್ತದ. ಉಳಿದ ಮೂರು ಜೋಡಿ ಆ ಕಂಪನಿಯವರು ತಮ್ಮ ಸಾಮಾನಿಗೆ ಒಂದೊಂದರಂಗ ಹಾಕ್ಕೋತ ಹೋಗಬೇಕು. ಒಂದು ಗುರತು ತಗೊಂಡ್ರ 1,67,77,216 ಸಾಮಾನಿಗೆ ಸಾಕು, ತೀರಿದ್ರ ಇನ್ನೊಂದು ತಗೋಬೇಕು. ಅಡ್ಡಹೆಸರು ಮನಿತನದ್ದು, ಮುಂದಿನ ಹೆಸರು ಮನಿಯವರು ಇಟ್ಟಿದ್ದು, ಹಂಗ. ಎಲ್ಲಾ ಸೊನ್ನಿಯಿಂದ ಸುರು ಆಗೋ ಮೊದಲನೇ ಗುರತು ಝೆರಾಕ್ಸಿನದೇ. ಹಂಚೋರು ತಾವೇ ಇದ್ದಾಗ ಮೊದಲಿನ ಎಲಿ ತಮಗ ಹಾಕ್ಕೊಂಡಾರ, ಇರಲಿ.

ಬರಿಯೋದಕ್ಕ ಅನುಕೂಲ ಆಗಲಿ ಅಂತ 48 ಬಿಟ್ಟನ್ನ ಹನ್ನೆರಡು ಅಕ್ಷರದಾಗ ಹಿಡಿಸಿದ್ರು. ನಮ್ಮ ಅಂಕಿ ಹತ್ತು, ಇಲ್ಲಿ ಹದಿನಾರು. ಸೊನ್ನಿಯಿಂದ ಒಂಬತ್ತು ಆದ ಮ್ಯಾಲೆ ಎ, ಬಿ, ಸಿ, ಡಿ, ಇ, ಎಫ್. ಅದಕ್ಕ ಇದರಾಗ ಇಂಗ್ಲೀಷಿನ 'ಓ' ಎಂದೂ ಬರೂದಿಲ್ಲ, ಕಂಡ್ರ ಅದು ಸೊನ್ನಿ ಅಂತನೇ ಬರಕೋರಿ. ಬಿ ಮತ್ತ ಎಂಟರ ನಡುವ ಮಾತ್ರ ಚಷ್ಮಾ ಹಾಕ್ಕೊಂಡು ನೋಡ್ರಿ.

ಮ್ಯಾಕ್ ಅನ್ನೋ ಹೆಸರಿಗೂ ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರಿಗೂ ಸಂಬಂಧ ಇಲ್ಲ. ಒಂದೇ ಕೇಬಲ್ ಮ್ಯಾಲೆ ಯಾರು ಯಾವಾಗ ಮಾತಾಡಬೇಕು ಅಂತ ನೋಡಿಕೊಳ್ಳೋ ವ್ಯವಸ್ಥಾಕ್ಕ ಐಇಇಇ ಸಮಿತಿಯವರು ಮೀಡಿಯಾ ಆ್ಯಕ್ಸೆಸ್ ಕಂಟ್ರೋಲ್ ಅಂದ್ರು. ಅದರ ಮೂರು ಮೊದಲಕ್ಷರ ಅದು.

1982ರ ನವೆಂಬರಿನಾಗ ಡೇವಿಡ್ ಪ್ಲಮ್ಮರ್ ಅನ್ನೋರು ಇನ್ನೊಂದು ನಿಯಮ ಬರದ್ರು. ಇಂಟರ್ನೆಟ್ಟಿನ ಐಪಿ ನಂಬರು ಬ್ಯಾರೆ, ಈ ಕೊರದ ನಂಬರು ಬ್ಯಾರೆ. ಒಂದರಿಂದ ಇನ್ನೊಂದು ತಿಳಿಯೋದು ಹ್ಯಾಂಗ? ಅಂಗಳದಾಗ ನಿಂತು "ಈ ಐಪಿ ನಂಬರು ಯಾರದ ರೀ, ನಿಮ್ಮ ಕೊರದ ನಂಬರು ಹೇಳ್ರಿ" ಅಂತ ಕೂಗೋದು, ಯಾರದೈತಿ ಅವರು ಓ ಅನ್ನೋದು. ಇಷ್ಟೇ. ನಮ್ಮನಿ ರೌಟರು ಇವತ್ತೂ ಇದನ್ನೇ ಮಾಡ್ತದ.

ಇಲ್ಲೀತನಕ ಎಲ್ಲಾ ಛೊಲೋನೇ ನಡದಿತ್ತು, ಯಾಕಂದ್ರ ಮಷೀನು ಟೇಬಲ್ ಬಿಟ್ಟು ಏಳತಿರಲಿಲ್ಲ. 1997ರಾಗ ವೈಫೈ ನಿಯಮ ಬಂತು. ಅದಕ್ಕೂ ಅದೇ 48 ಬಿಟ್ಟಿನ ನಂಬರೇ ಹಚ್ಚಿದ್ರು. ಆಮೇಲೆ ಫೋನಿನಾಗ ವೈಫೈ ಬಂತು. ಟೇಬಲ್ಲಿನ ಮ್ಯಾಲಿದ್ದ ನಂಬರು ನಮ್ಮ ಪರ್ಸಿನೊಳಗ ಬಂದು ಕೂತು, ನಾವು ಹೋದಲ್ಲೆಲ್ಲಾ ಬರಲಿಕ್ಕೆ ಸುರು ಮಾಡ್ತು.

ಫೋನಿಗೆ ಒಂದು ಚಟ ಅದ. ವೈಫೈ ಚಾಲೂ ಇಟ್ಟಿದ್ರ ಹಾದ್ಯಾಗ ಹೊಂಟಾಗಲೂ "ಇಲ್ಲೆ ಯಾರರೆ ಇದ್ದೀರೇನು, ಇದ್ದೀರೇನು" ಅಂತ ಕೂಗ್ಕೋತ ಹೋಗ್ತದ. ಹಂಗ ಕೂಗುವಾಗ ಹಳೇ ಫೋನು ತನ್ನ ಕೊರದ ನಂಬರನ್ನೂ ಹೇಳ್ತದ. ನಾವು ಯಾವ ಜಾಲಕ್ಕೂ ಸೇರಲಾರದಿದ್ರೂ, ಗಾಳಿಯೊಳಗ ಕಿವಿ ಇಟ್ಟು ಕೂತವರಿಗೆ ಅದು ಕೇಳಸ್ತದ. ಮುಂಜಾನೆ ಹತ್ತಕ್ಕ ಈ ಅಂಗಡಿ ಮುಂದ ಹಾದ ನಂಬರು, ಸಂಜೀ ಐದಕ್ಕ ಆ ಅಂಗಡಿ ಮುಂದ ಹಾತು. ಹೆಸರು ಗೊತ್ತಿರಲಿಕ್ಕಿಲ್ಲ, ಆದ್ರ ದಿನಾ ಅದೇ ನಂಬರು, ಅದೇ ಹಾದಿ. ನಮ್ಮ ಓಣಿ ಮೂಲಿಮನಿ ಅಜ್ಜಿ ಕಿಟಕಿಯೊಳಗ ಕೂತು ಯಾರು ಯಾವಾಗ ಎಲ್ಲಿ ಹೋದ್ರು ಅಂತ ಲೆಕ್ಕ ಇಡ್ತಿದ್ರಲ್ಲ, ಆ ಅಜ್ಜಿ ಪ್ರತಿ ಕಂಬಕ್ಕೂ ಒಬ್ಬಬ್ಬರು ಕೂತ್ಹಂಗ.

ಇದು ಬರೇ ಅಂಜಿಕಿ ಅಲ್ಲ, ಆಗಿ ಹೋಗಿದ್ದು. ಲಂಡನ್ನಿನ ಹಳೇ ಪ್ಯಾಟಿ ಭಾಗದಾಗ, ಸಿಟಿ ಆಫ್ ಲಂಡನ್ ಅಂತಾರ, ರಸ್ತೆ ಬಾಜೂಕ ಪರದೆ ಇದ್ದ ಕಸದ ಡಬ್ಬಿ ಇಟ್ಟಿದ್ರು. 2013ರಾಗ ಅದರೊಳಗಿನ ಹನ್ನೆರಡು ಡಬ್ಬಿಯೊಳಗ ಹಾದು ಹೋಗೋ ಫೋನಿನ ನಂಬರು ಹಿಡಿಯೋ ಯಂತ್ರ ಕೂಡಿಸಿದ್ರು, ಯಾರು ಯಾವ ಅಂಗಡಿ ಕಡೆ ಹೋಗ್ತಾರ ಅಂತ ತಿಳಕೊಂಡು ಜಾಹೀರಾತು ತೋರಸಲಿಕ್ಕೆ. ಆ ಆಗಸ್ಟಿನಾಗ ಸುದ್ದಿ ಹೊರಗ ಬಂದು ಗದ್ದಲ ಆತು, ಅಲ್ಲಿಯ ಆಡಳಿತದವರು ಬಂದ್ ಮಾಡ್ರಿ ಅಂತ ಹೇಳಿದ್ರು. ಕಸದ ಡಬ್ಬಿ ನಮ್ಮನ್ನ ನೋಡ್ಲಿಕತ್ತದ ಅಂದ್ರ ಯಾರಿಗೆ ಸಮಾಧಾನ ಇರ್ತದ ಹೇಳ್ರಿ. ಇದಕ್ಕೂ ಮೊದಲ 1999ರ ಮಾರ್ಚಿನಾಗ, ಕಂಪ್ಯೂಟರಿನಾಗ ಬರದ ಆಫೀಸ್ ಕಾಗದಪತ್ರದೊಳಗೇ ಆ ಮಷೀನಿನ ನಂಬರು ಬರದವರಿಗೆ ಗೊತ್ತಿಲ್ಲದ್ಹಂಗ ಕೂತಿರ್ತದ ಅಂತ ಬಯಲಾಗಿ ಒಂದು ಗದ್ದಲ ಆಗಿತ್ತು.

ಪ್ರಬಂಧ ಬರದವರಿಗೆ ಬೈಲಿಕ್ಕೆ ನನಗ ಮನಸ್ಸಿಲ್ಲ. ಅವರು ಡಬ್ಬಿಗೆ ಹೆಸರು ಕೊರದ್ರು, ವಾಪಸ್ ಬರಲಿ ಅಂತ. ಆ ಡಬ್ಬಿಯನ್ನ ಹೆಣ್ಣುಮಕ್ಕಳು ಕಂಕುಳಾಗ ಇಟಗೊಂಡು ಊರು ತಿರಗತಾರ, ಹೆಸರು ಓದಿ ಯಾರೋ ಬೆನ್ನು ಹತ್ತತಾರ ಅಂತ 1981ರಾಗ ಯಾರು ಅಂದ್ಕೋತಿದ್ರು?

ಫೋನ್ ಕಂಪನಿಯವರು ಕಡೀಕ ಎಚ್ಚರಾದ್ರು. 2014ರಾಗ ಆಪಲ್‌ನವರು ಐಓಎಸ್ 8ರಾಗ, ಹಾದ್ಯಾಗ ಕೂಗುವಾಗ ಖರೇ ನಂಬರು ಹೇಳದ, ಸುಳ್ಳು ನಂಬರು ಹೇಳೋ ಉಪಾಯ ತಂದ್ರು. 2019ರ ಆಂಡ್ರಾಯ್ಡ್ 10ರಾಗ ಜಾಲಕ್ಕ ಸೇರೋ ಹೊತ್ತಿನಾಗೂ ಸುಳ್ಳು ನಂಬರೇ ಕೊಡೋದು ರೂಢಿ ಆತು. ಮರುವರ್ಷ ಐಓಎಸ್ 14ರಾಗ ಆಪಲ್‌ನವರೂ ಹಂಗೇ ಮಾಡಿದ್ರು. ಒಂದೊಂದು ವೈಫೈಗೆ ಒಂದೊಂದು ಹುಸಿ ಹೆಸರು. ನಮ್ಮನಿಗೆ ಒಂದು, ಆಫೀಸಿಗೆ ಇನ್ನೊಂದು. ಅದಕ್ಕ ನಮ್ಮನಿಯವರ ಫೋನು 'ಅಬೌಟ್ ಫೋನ್' ಒಳಗ ನನಗ ಖರೇ ನಂಬರು ತೋರಿಸ್ತು, ರೌಟರಿಗೆ 3ಎ ಅಂತ ಹುಸಿ ಹೇಳ್ತು. ಎರಡೂ ಅದರದೇ.

ಈ ಹುಸಿಯನ್ನ ಕಣ್ಣಿಲೇ ಗುರತು ಹಿಡಿಯೋ ಒಂದು ಗುಟ್ಟು ಅದ. ಐಇಇಇಯವರು ಆ 48 ಬಿಟ್ಟಿನೊಳಗ ಒಂದು ಸ್ವಿಚ್ಚನ್ನ ಬ್ಯಾರೆ ಕೆಲಸಕ್ಕ ಇಟ್ಟಾರ. ಅದು ಬಂದ್ ಇದ್ರ ನಂಬರು ಕಾರ್ಖಾನಿಯಿಂದ ಬಂದದ್ದು, ಚಾಲೂ ಇದ್ರ ಮನ್ಯಾಗ ಮಾಡಿಕೊಂಡದ್ದು ಅಂತ ಅರ್ಥ. ಫೋನು ಹುಸಿ ನಂಬರು ಮಾಡುವಾಗ ಆ ಸ್ವಿಚ್ಚನ್ನ ಚಾಲೂ ಮಾಡೇ ಮಾಡ್ತದ. ನಮಗ ಕಾಣೋದು ಹ್ಯಾಂಗಂದ್ರ, ನಂಬರಿನ ಎರಡನೇ ಅಕ್ಷರ ನೋಡ್ರಿ. ಅದು 2, 6, ಎ, ಇಲ್ಲಾ ಇ ಇದ್ರ ಹುಸಿ. 3ಎ ಅಂತ ಸುರು ಆದ ನಂಬರಿನ ಎರಡನೇ ಅಕ್ಷರ ಎ. ಸುಳ್ಳು ಹೇಳ್ಲಿಕತ್ತೀನಿ ಅಂತ ಅದು ಮೊದಲನೇ ಜೋಡಿಯೊಳಗೇ ಹೇಳಿತ್ತು, ಓದಲಿಕ್ಕೆ ನನಗ ಬರಲಿಲ್ಲ.

ಹಾಸ್ಟೆಲ್, ಆಫೀಸಿನವರು ನಂಬರು ಕೇಳಿದ್ರ ಇದನ್ನ ಲಕ್ಷ್ಯದಾಗ ಇಟಗೋರಿ. ಖರೇ ನಂಬರು ಬರದು ಕೊಟ್ಟು ಫೋನು ಹುಸಿ ಹೇಳಿದ್ರ ಒಳಗ ಬಿಡೂದಿಲ್ಲ. ಆ ವೈಫೈ ಹೆಸರಿನ ಮ್ಯಾಲೆ ಒತ್ತಿ ಒಳಗ ಹೋದ್ರ, ಆಂಡ್ರಾಯ್ಡಿನಾಗ 'ಪ್ರೈವಸಿ' ಅಂತ, ಆಪಲ್‌ನಾಗ 'ಪ್ರೈವೇಟ್ ವೈಫೈ ಅಡ್ರೆಸ್' ಅಂತ ಇರ್ತದ. ಅಲ್ಲೆ ಆ ಒಂದು ಜಾಲಕ್ಕ ಮಾತ್ರ ಖರೇ ನಂಬರು ಹೇಳು ಅಂತ ಬದಲಿ ಮಾಡಬಹುದು. ಇಲ್ಲಾ ಅಲ್ಲೆ ಕಾಣೋ ಹುಸಿ ನಂಬರನ್ನೇ ಬರದು ಕೊಡಬಹುದು. ಮತ್ತ ಈ ನಂಬರು ಯಾರಿಗರೆ ಸಿಕ್ರ ಬ್ಯಾಂಕಿನ ರೊಕ್ಕ ಹೋಗ್ತದ ಅಂತ ಗಾಬರಿ ಆಗಬ್ಯಾಡ್ರಿ. ಅದು ನಮ್ಮ ರೌಟರಿನ ತನಕ ಮಾತ್ರ ಹೋಗ್ತದ, ಮುಂದಿನ ದಾರಿಗೆ ರೌಟರು ತನ್ನ ನಂಬರು ಹಚ್ಚತದ. ವೈಫೈಗೆ ಕೀಲಿ ಅಂದ್ರ ಪಾಸ್‌ವರ್ಡೇ, ಈ ನಂಬರಲ್ಲ, ಯಾಕಂದ್ರ ಬೇಕಂದವರು ಇದನ್ನ ಬದಲಿ ಮಾಡ್ಕೋಬಹುದು. ನೆಟ್ ನಿಧಾನ ಆಗಿದ್ದಕ್ಕ ಕಾರಣ ಬ್ಯಾರೇನೇ ಇತ್ತು, ರೌಟರನ್ನ ಸ್ಟೀಲಿನ ಕಪಾಟಿನ ಹಿಂದ ಇಟ್ಟಿದ್ವಿ. ಮ್ಯಾಲೆ ತಗದಿಟ್ಟೆ, ಈಗ ಓಡ್ತದ.

ನಮ್ಮನಿಯವರು ಒದರಿದ ದಿನ ಸಂಜೀನೇ ವೈನಿ ಮನಿಗೆ ಹೋದೆ. ಬರಿಗೈಲೆ ಹೋಗಲಿಕ್ಕೆ ಮಾರಿ ಸಾಲದ, ಲಗ್ನದ ಡಬ್ಬಿಯೊಳಗ ಅವಲಕ್ಕಿ ಚೂಡಾ ತುಂಬಿಕೊಂಡು ಹೋದೆ. "ವೈನಿ, ತಪ್ಪಾತ್ರಿ. ನಮ್ಮನಿ ಫೋನೇ ಅದು" ಅಂದೆ. ವೈನಿ ಏನೂ ಅನ್ನಲಿಲ್ಲ, ಚಹಾಕ್ಕ ಇಟ್ರು. ಹುಡುಗನ ಮುಂದ ಹೇಳೋದು ಅದಕ್ಕಿಂತ ತ್ರಾಸಿನ ಕೆಲಸ. "ನೀ ಖರೇ ಹೇಳಿದ್ದಿ, ನಾ ನಂಬಲಿಲ್ಲಪ್ಪಾ" ಅಂದೆ. ಅವ ಮಾರಿ ಎತ್ತಲಿಲ್ಲ. ಹೂಂ ಅಂದ, ಅಷ್ಟೇ.

ನಾಲ್ಕು ದಿನ ಬಿಟ್ಟು ಡಬ್ಬಿ ವಾಪಸ್ ಕೊಡ್ಲಿಕ್ಕೆ ಅವನೇ ಬಂದ. ಒಳಗ ನಾಲ್ಕು ಕರದಂಟು ಇದ್ವು. ಹೋಗವಲ್ಲ, ನಿಂತಾನ. "ಕಾಕು, ಆ ನಂಬರು ಬರದ ಪುಸ್ತಕ ತೋರಸ್ರಿ" ಅಂದ. ಕೊಟ್ಟೆ. ತನ್ನ ಫೋನು ತಗದು ಅದರ ನಂಬರು ಬಾಜೂಕ ಹಿಡದು, ನೋಡ್ರಿ ಇದು ಎಲ್ಲೂ ಇಲ್ಲ ಅಂತ ತೋರಿಸಿದ. ಆಮೇಲೆ ನಮ್ಮ ಐದೂ ನಂಬರನ್ನ ರೌಟರಿನ ಯಾದಿ ಜೋಡಿ ಒಂದೊಂದೇ ಅಕ್ಷರ ಕೂಡಿಸಿಕೋತ ಬಂದು, "ಟಿವಿದು ತಪ್ಪು ಬರದೀರಿ, ಇಲ್ಲಿ ಎಂಟಲ್ಲ, ಬಿ" ಅಂತ ಪೆನ್ನು ಕೇಳಿ ತಾನೇ ತಿದ್ದಿ ಕೊಟ್ಟ.